ಗಚ್ಚು ಯಾಕೆ ಉದುರುತ್ತದೆ: ಹಳೆಯ ಗೋಡೆಯ ದೋಷ ಹುಡುಕುವ ಬಗೆ

ಗಚ್ಚು, ಅಂದರೆ ಸುಣ್ಣ ಮತ್ತು ಉಸುಕಿನ ಹಳೆಯ ಗಿಲಾವು, ಉದುರಿದ ಗೋಡೆ ತೋರಿಸಿದರೆ ನಮ್ಮ ಕಲಬುರಗಿ, ಬೀದರ ಕಡೆ ಸಿಗುವ ಉತ್ತರ ಬಹುತೇಕ ಒಂದೇ. ಗೌಂಡಿ ಥಾಪಿಯ ಹಿಡಿಕೆಯಿಂದ ಎರಡು ಸಲ ಬಡಿದು, "ಇದರ ಕಸುವು ಹೋಗ್ಯಾದ್ರಿ, ಪೂರಾ ಕೆತ್ತಿ ಸಿಮೆಂಟ್ ಗಿಲಾವ್ ಹೊಡಿಯೋಣ್ರಿ" ಅನ್ನುತ್ತಾನೆ. ಮನೆಯವರೂ ಒಪ್ಪಿಬಿಡುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಮೇಲೂ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ, ಅದರ ಹಿಂದೆ ಕಲ್ಲೇ ಪುಡಿಯಾಗಿರುತ್ತದೆ. ಮೊದಲು ಹೋಗುತ್ತಿದ್ದದ್ದು ಬರೀ ಗಚ್ಚು, ಈಗ ಗೋಡೆ.

ಸುಣ್ಣಕ್ಕೆ ವಯಸ್ಸಾಗಿ ಕಸುವು ಹೋಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ, 1422ರಲ್ಲಿ ತೀರಿಕೊಂಡ ಫಿರೋಜ್ ಶಹಾ ಬಹಮನಿಯ ಗೋರಿಯ ಒಳಗೆ ಒಮ್ಮೆ ನಿಂತು ನೋಡಿ. ಗಚ್ಚಿನಲ್ಲಿ ತೆಗೆದ ಅಲಂಕಾರ ಇನ್ನೂ ಇದೆ. ಬೀದರ ಪಕ್ಕದ ಅಷ್ಟೂರಿನಲ್ಲಿ ಅಹಮದ್ ಶಹಾ ವಲಿಯ ಗುಂಬಜಿನ ಒಳಮೈ ಬಣ್ಣದ ಚಿತ್ತಾರ ನಿಂತಿರುವುದೂ ಗಚ್ಚಿನ ಮೇಲೆಯೇ. ನೀರು ಹಾಕಿ ಅರಳಿಸಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮರಳಿ ಸುಣ್ಣದ ಕಲ್ಲಾಗುತ್ತದೆ, ಆದ್ದರಿಂದ ವಯಸ್ಸು ಅದನ್ನು ಗಟ್ಟಿ ಮಾಡಬೇಕು. ಗಚ್ಚು ಕೆಟ್ಟಿದ್ದರೆ ಕಾರಣವನ್ನು ಮೊದಲು ನೀರಿನಲ್ಲಿ ಹುಡುಕಬೇಕು. ಹಚ್ಚಿದ ಹೊತ್ತಿನಲ್ಲಿ ನೀರು ಸಾಲದೆ ಹೋಗಿರುತ್ತದೆ, ಇಲ್ಲವೆ ಆಮೇಲೆ ಎಲ್ಲಿಂದಲೋ ನೀರು ಬರುತ್ತಿರುತ್ತದೆ, ಇಲ್ಲವೆ ಬಂದ ನೀರಿಗೆ ಹೊರಹೋಗುವ ದಾರಿ ಮುಚ್ಚಿರುತ್ತದೆ. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಉಳಿ ಮುಟ್ಟಬೇಡಿ.

ಇಲ್ಲಿ ಹೇಳುತ್ತಿರುವುದು ಸ್ವಂತ ವಾಡೆ, ಹಳೆಯ ಮಠ, ಊರ ಮಸೀದಿ, ಅಗಸಿ ಬಾಗಿಲು ಇಂಥವುಗಳ ಬಗ್ಗೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಗೋಡೆಯಿಂದ ಒಂದು ಚೂರೂ ಕೀಳುವಂತಿಲ್ಲ, ಪರೀಕ್ಷೆಗೂ ಇಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಬೀದರ ಹಳೆ ಊರಿನಲ್ಲಿ ಮಹಮೂದ್ ಗವಾನ್ ಮದರಸಾದ ಸುತ್ತಮುತ್ತ ಮನೆ ಇದ್ದವರು ಸ್ವಂತ ಮನೆಯ ದುರಸ್ತಿಗೂ ಮೊದಲು ಅನುಮತಿಯ ವಿಚಾರ ನೋಡಿಕೊಳ್ಳಬೇಕು.

ಮೊದಲ ಸುತ್ತು: ಬಡಿದು ಕೇಳುವುದು

ಬೇಕಾದ ಸಾಮಾನು ಕಡಿಮೆ. ಸಣ್ಣ ಕಟ್ಟಿಗೆ ಸುತ್ತಿಗೆ, ಬಳಪ, ಟಾರ್ಚು, ಭೂತಗನ್ನಡಿ, ಗಾಜಿನ ಬಾಟಲಿ, ಸ್ವಲ್ಪ ವಿನೆಗರ್, ಅಂಗಡಿಯ ಅರಿಶಿನ ಪುಡಿ, ಒಂದಿಷ್ಟು ಸ್ಪಿರಿಟ್.

ಗೋಡೆಯನ್ನು ಒಂದು ಮೂಲೆಯಿಂದ ಶುರುಮಾಡಿ ಗೇಣು ಗೇಣಿಗೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಹಿಡಿದಿರುವ ಕಡೆ ದನಿ ಚಿಕ್ಕದು, ಬಿಗಿ. ಕಲ್ಲನ್ನು ಬಿಟ್ಟುಕೊಂಡಿರುವ ಕಡೆ ಪೊಳ್ಳು ದನಿ ಬರುತ್ತದೆ. ಪೊಳ್ಳು ಕೇಳಿದಲ್ಲೆಲ್ಲ ಬಳಪದಿಂದ ಗೆರೆ ಎಳೆದು ಮುಗಿಸಿ, ಹಿಂದೆ ಸರಿದು ಇಡೀ ಗೋಡೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಪೊಳ್ಳಿನ ಆಕಾರವೇ ಅರ್ಧ ಕಾರಣ ಹೇಳುತ್ತದೆ. ನೆಲದಿಂದ ಸೊಂಟ, ಎದೆಮಟ್ಟದವರೆಗೆ ಅಡ್ಡ ಪಟ್ಟಿಯಾಗಿದ್ದರೆ ತೇವ ಕೆಳಗಿನಿಂದ ಏರುತ್ತಿದೆ. ಮೇಲಿನಿಂದ ಕೆಳಕ್ಕೆ ನಾಲಿಗೆ ಚಾಚಿದ್ದರೆ ಮಾಳಿಗೆಯ ದೋಣಿ (ಮಳೆನೀರು ಹೊರಬೀಳುವ ಕೊಳವೆ) ಇಲ್ಲವೆ ಕುಂಬಿಯಲ್ಲಿ (ಮಾಳಿಗೆಯಂಚಿನ ಗಿಡ್ಡ ಗೋಡೆ) ಸೋರಿಕೆ ಇದೆ. ಅಲ್ಲಲ್ಲಿ ಬಿಡಿಬಿಡಿಯಾಗಿ ಗುಂಡಗೆ ಇದ್ದರೆ ಹಚ್ಚುವಾಗ ಕಲ್ಲು ಒಣಗಿತ್ತು ಅಥವಾ ಧೂಳಿತ್ತು. ಉದ್ದನೆಯ ಗೆರೆ ಹಿಡಿದು ಹೋಗಿದ್ದರೆ ಗಚ್ಚಿನ ಹಿಂದೆ ಗೋಡೆಯೇ ಬಿರಿದಿದೆ.

ರಾತ್ರಿ ಹೊತ್ತು ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟರೆ ಹಗಲಲ್ಲಿ ಕಾಣದ ಉಬ್ಬು ಕಾಣುತ್ತದೆ. ಮತ್ತೊಂದು ಮಾತು: ಗೋಡೆಯನ್ನು ಮೇ ತಿಂಗಳಲ್ಲಿ ಮಾತ್ರ ನೋಡಿ ತೀರ್ಮಾನಿಸಬೇಡಿ. ನಮ್ಮ ಬಿಸಿಲಿಗೆ ಎಲ್ಲ ಗೋಡೆಯೂ ಒಣಗಿಯೇ ಕಾಣುತ್ತದೆ. ಜೋರು ಮಳೆ ಬಿದ್ದ ಮರುದಿನ ಮತ್ತೊಮ್ಮೆ ಹೋಗಿ ಅದೇ ಬಳಪದ ಗುರುತಿನ ಪಕ್ಕ ನಿಲ್ಲಿ.

ಹೊಸ ಗಚ್ಚು ಬೆರಳಿಗೆ ಪುಡಿಯಾಗಿ ಬರುತ್ತಿದ್ದರೆ

ಹೆಚ್ಚಾಗಿ ಬರುವ ದೂರು ಇದು, ಹೆಚ್ಚಾಗಿ ತಪ್ಪು ತಿಳಿಯುವುದೂ ಇದನ್ನೇ. ಹಚ್ಚಿ ನಾಲ್ಕಾರು ತಿಂಗಳಾಗಿದೆ, ಕೈ ಸವರಿದರೆ ಬಿಳಿ ಪುಡಿ, ಉಗುರಿನಿಂದ ಕೆರೆದರೆ ಗೆರೆ ಬೀಳುತ್ತದೆ. ಎರಡು ಬೇರೆ ಬೇರೆ ಕಾಯಿಲೆಗಳು ಹೊರಗಿನಿಂದ ಒಂದೇ ತರಹ ಕಾಣುವ ಜಾಗ ಇದು. ಒಂದನ್ನು ಉಳಿಸಬಹುದು, ಇನ್ನೊಂದನ್ನು ಆಗದು.

ಬೇರ್ಪಡಿಸಲು ಅರಿಶಿನ ಸಾಕು. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಗಟ್ಟಿಯಾಗದ ಸುಣ್ಣ ತೀಕ್ಷ್ಣ ಕ್ಷಾರ, ಗಾಳಿ ಕುಡಿದು ಕಲ್ಲಾದ ಸುಣ್ಣದಲ್ಲಿ ಆ ತೀಕ್ಷ್ಣತೆ ಇರುವುದಿಲ್ಲ. ಒಂದು ಚಮಚ ಅರಿಶಿನ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಕಿ, ಗಸಿ ಇಳಿದ ಮೇಲೆ ಮೇಲಿನ ಹಳದಿ ತಿಳಿಯನ್ನು ಬಸಿದುಕೊಳ್ಳಿ. ಗಚ್ಚಿನ ಒಂದು ಚಕ್ಕೆಯನ್ನು ಆಗಷ್ಟೇ ಮುರಿದು, ಧೂಳು ಊದಿ, ಮುರಿದ ಅಂಚಿಗೆ ಹಚ್ಚಿ. ಗಾಢ ಕೆಂಪು ಬಂದ ಭಾಗ ಇನ್ನೂ ಹಸಿ ಸುಣ್ಣ. ಹಳದಿಯಾಗಿಯೇ ಉಳಿದ, ಅಥವಾ ತುಸು ಮಾತ್ರ ಬಣ್ಣ ತಿರುಗಿದ ಭಾಗ ಕಲ್ಲಾದ ಸುಣ್ಣ. ಇನ್ನೂ ಖಚಿತವಾಗಿ ಬೇಕೆಂದರೆ ಶಾಲೆಯ ಪ್ರಯೋಗಾಲಯದಲ್ಲಿ ಇರುವ ಫಿನಾಲ್ಫ್‌ಥಲೀನ್ ದ್ರಾವಣ ಬಳಸಿ. ಹಸಿ ಸುಣ್ಣಕ್ಕೆ ಅದು ಗುಲಾಬಿ ಬಣ್ಣ ಕೊಡುತ್ತದೆ, ಕಲ್ಲಾದದ್ದಕ್ಕೆ ಬಣ್ಣವೇ ಇಲ್ಲ.

ಓದುವ ಕ್ರಮ ಹೀಗೆ. ಒಳ್ಳೆಯ ಹವೆಯಲ್ಲೂ ಸುಣ್ಣ ಮೇಲಿನಿಂದ ಒಳಕ್ಕೆ ಕಲ್ಲಾಗುವ ವೇಗ ತಿಂಗಳಿಗೆ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚಿಲ್ಲ, ಒಳಹೋದಂತೆ ಇನ್ನೂ ನಿಧಾನ. ಆದ್ದರಿಂದ ಎರಡು ತಿಂಗಳ ಗಚ್ಚಿನಲ್ಲಿ ಹೊರಗೆ ಹಳದಿ, ಒಳಗೆ ಕೆಂಪು ಕಂಡರೆ ಅದು ರೋಗವಲ್ಲ, ಅವಸರ ಮಾಡಬೇಡಿ. ಮೇಲ್ಮೈಯೇ ಪುಡಿ, ಅದೇ ಮೇಲ್ಮೈಯೇ ಕೆಂಪು ಎಂದರೆ ಸುಣ್ಣ ಗಟ್ಟಿಯಾಗುವ ಮುನ್ನವೇ ಒಣಗಿಹೋಗಿದೆ. ಇಂಗಾಲದ ಡೈಆಕ್ಸೈಡ್ ಸುಣ್ಣದೊಂದಿಗೆ ಕೂಡಲು ತೇವ ಬೇಕೇಬೇಕು. ಮಾರ್ಚ್, ಏಪ್ರಿಲ್‌ನ ಬಿಸಿಗಾಳಿಯಲ್ಲಿ, ಪಡುವಣ ಗೋಡೆಗೆ ಗೋಣಿ ತಟ್ಟು ಕಟ್ಟದೆ ಹಚ್ಚಿದ ಗಚ್ಚು ಒಂದೇ ಮಧ್ಯಾಹ್ನಕ್ಕೆ ನೀರು ಕಳೆದುಕೊಂಡು ಅಲ್ಲಿಗೇ ನಿಂತುಬಿಡುತ್ತದೆ.

ಇದನ್ನು ಕೆತ್ತಬೇಡಿ, ಉಳಿಯುತ್ತದೆ. ಗೋಣಿ ತಟ್ಟನ್ನು ಗೋಡೆಗೆ ತಾಗದಂತೆ ಒಂದು ಗೇಣು ಮುಂದೆ ಇಳಿಬಿಟ್ಟು, ಬೆಳಿಗ್ಗೆ ಸಂಜೆ ಅದನ್ನೂ ಗೋಡೆಯನ್ನೂ ಮಂಜಿನ ಹನಿಯಲ್ಲಿ ನೆನೆಸಿ. ತೊಗರಿ ಹೊಲಕ್ಕೆ ಬಳಸುವ ಬೆನ್ನಿನ ಪಂಪು ಈ ಕೆಲಸಕ್ಕೆ ಬಹಳ ಒಳ್ಳೆಯದು, ಆದರೆ ಔಷಧ ಮುಟ್ಟದ ಹೊಸ ಪಂಪು ಇರಲಿ. ಪೈಪಿನಿಂದ ನೀರು ಬಿಟ್ಟರೆ ಹಸಿ ಸುಣ್ಣ ತೊಳೆದುಹೋಗುತ್ತದೆ. ನೆನೆಯಬೇಕು, ಮತ್ತೆ ಆರಬೇಕು, ಮತ್ತೆ ನೆನೆಯಬೇಕು. ಸದಾ ಒದ್ದೆ ಇದ್ದರೆ ರಂಧ್ರಗಳಲ್ಲಿ ನೀರೇ ತುಂಬಿ ಗಾಳಿಗೆ ಜಾಗವಿರದು. ಇದು ಕೆಲವು ವಾರಗಳ ಕೆಲಸ. ಸುಣ್ಣದ ತಿಳಿನೀರು ಹೊಡೆದರೆ ಸಾಕು ಅನ್ನುವವರಿದ್ದಾರೆ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಎರಡು ಗ್ರಾಂಗಿಂತಲೂ ಕಡಿಮೆ, ಒಂದೆರಡು ಸಲದ ಸಿಂಪಡಣೆಯಿಂದ ಗೋಡೆಗೆ ಬಲ ಬರುವುದಿಲ್ಲ.

ಇನ್ನೊಂದು ಕಾಯಿಲೆಯಲ್ಲಿ ಗಚ್ಚು ಪುಡಿಯಾಗುತ್ತದೆ, ಆದರೆ ಅರಿಶಿನ ಒಳಗೂ ಹೊರಗೂ ಹಳದಿಯಾಗಿಯೇ ಉಳಿಯುತ್ತದೆ. ಅಂದರೆ ಗಟ್ಟಿಯಾಗಲು ಸುಣ್ಣವೇ ಉಳಿದಿಲ್ಲ. ಚೀಲದ ಒಣ ಸುಣ್ಣ ಗೋದಾಮಿನಲ್ಲಿ ಕೂತು ಆಗಲೇ ಕಲ್ಲಾಗಿತ್ತೋ, ಉಸುಕು ಅತಿಯಾಯಿತೋ, ಉಸುಕಿನಲ್ಲಿ ಮಣ್ಣಿತ್ತೋ ನೋಡಬೇಕು. ಉಳಿದ ಚೀಲವಿದ್ದರೆ ಒಂದು ಚಮಚ ಸುಣ್ಣ ನೀರಲ್ಲಿ ಕಲಕಿ ವಿನೆಗರ್ ಹಾಕಿ. ತಾಜಾ ಸುಣ್ಣ ಸದ್ದಿಲ್ಲದೆ ಕರಗುತ್ತದೆ, ಸತ್ತ ಸುಣ್ಣ ಬುಸುಬುಸು ನೊರೆ ಬಿಡುತ್ತದೆ. ಉಸುಕನ್ನು ಬಾಟಲಿಯಲ್ಲಿ ನೀರಿನ ಜೊತೆ ಕುಲುಕಿ ಒಂದು ರಾತ್ರಿ ಬಿಡಿ. ಉಸುಕಿನ ಮೇಲೆ ಕೂತ ಮಣ್ಣಿನ ಪದರ ದಪ್ಪಗಿದ್ದರೆ ಆ ಉಸುಕನ್ನು ತೊಳೆಯದೆ ಬಳಸುವಂತಿಲ್ಲ. ಭೀಮಾ ಹೊಳೆಯ ಉಸುಕಿಗೂ ಕ್ರಷರ್ ಪುಡಿಗೂ ಈ ಪರೀಕ್ಷೆ ಬೇಕು.

ಪ್ರಮಾಣದ ಅಂದಾಜಿಗೂ ಸುಲಭ ದಾರಿಯಿದೆ. ಅಳತೆಯ ಡಬ್ಬಿ ತುಂಬ ಒಣ ಉಸುಕು ಹಾಕಿ, ಮೇಲ್ಮೈಗೆ ಬರುವವರೆಗೆ ಅಳೆದು ನೀರು ಸುರಿಯಿರಿ. ಹಿಡಿದ ನೀರು ಎಷ್ಟೋ ಉಸುಕಿನ ನಡುವಿನ ಖಾಲಿ ಜಾಗವೂ ಅಷ್ಟೇ, ಅಷ್ಟನ್ನಾದರೂ ಸುಣ್ಣದ ಮುದ್ದೆ ತುಂಬಬೇಕು. ಸಣ್ಣ ದೊಡ್ಡ ಹರಳು ಸೇರಿದ ಒಳ್ಳೆಯ ಉಸುಕಿಗೆ ಇದು ಮೂರರಲ್ಲಿ ಒಂದರ ಹತ್ತಿರ ಬರುತ್ತದೆ. ಬರೀ ನುಣುಪು ಉಸುಕಾದರೆ ಹೆಚ್ಚು ಸುಣ್ಣ ಕೇಳುತ್ತದೆ, ಆಗ ಬಿರುಕಿನ ಕಾಟ ಶುರು. ಈ ಎರಡನೇ ಬಗೆಯ ಗಚ್ಚನ್ನು ತೆಗೆದು ಹೊಸದಾಗಿ ಹಚ್ಚುವುದೇ ದಾರಿ.

ಗೋಡೆಯ ಬುಡದಲ್ಲಿ ಬಿಳಿ ಉಪ್ಪು, ಹಿಂದೆ ಪುಡಿ

ನೆಲದ ನೀರನ್ನು ಗೋಡೆ ಹೀರಿ ಮೇಲಕ್ಕೆಳೆದು, ಆರುವ ಜಾಗದಲ್ಲಿ ಉಪ್ಪನ್ನು ಬಿಟ್ಟುಹೋಗುತ್ತದೆ. ಉಪ್ಪು ಹೊರಮೈಯಲ್ಲಿ ಕೂತರೆ ಹಾನಿ ಕಡಿಮೆ, ಪೊರಕೆಗೆ ಬರುತ್ತದೆ. ಗಚ್ಚಿನ ಹಿಂದೆ ಹರಳುಗಟ್ಟಿದರೆ ಅದು ಉಬ್ಬಿ ಗಚ್ಚನ್ನೂ ಕಲ್ಲಿನ ಮೈಯನ್ನೂ ಒಡೆಯುತ್ತದೆ. ಸುಣ್ಣದ ಗಚ್ಚು ಉಸಿರಾಡುವುದರಿಂದ ಉಪ್ಪು ಹೊರಗೆ ಬರುತ್ತದೆ. ಸಿಮೆಂಟು, ಆಯಿಲ್ ಪೇಂಟು, ವಾಲ್ ಪುಟ್ಟಿ ಆ ದಾರಿ ಮುಚ್ಚಿ ಉಪ್ಪನ್ನು ಒಳಗೇ ಕೂರಿಸುತ್ತವೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆಗಳಲ್ಲಿ ಇದು ತೀರ ಕೆಡುಕು. ಆ ಕಲ್ಲು ತೂತುತೂತು, ನಡುನಡುವೆ ಮೆತ್ತನೆ ಮಣ್ಣು, ಮೇಲಿನ ಸಿಮೆಂಟು ಅದಕ್ಕಿಂತ ಗಟ್ಟಿ. ಸಿಮೆಂಟು ಬಿದ್ದಾಗ ಒಂಟಿಯಾಗಿ ಬೀಳುವುದಿಲ್ಲ, ಕಲ್ಲಿನ ಮೈಯನ್ನು ಹಿಡಿದುಕೊಂಡೇ ಬೀಳುತ್ತದೆ. ಅಂಥ ಚಕ್ಕೆಗಳನ್ನು ತಿರುಗಿಸಿ ನೋಡಿದವರಿಗೆ ಈ ಮಾತನ್ನು ಮತ್ತೆ ವಿವರಿಸಬೇಕಾಗಿಲ್ಲ.

ತೇವ ಎಲ್ಲಿಂದ ಎಂದು ಹುಡುಕುವಾಗ ಗೋಡೆಯನ್ನು ಬಿಟ್ಟು ನೆಲ ನೋಡಿ. ಅಂಗಳಕ್ಕೆ ಈಚೆಗೆ ಕಾಂಕ್ರೀಟ್ ಹಾಕಿಸಿದ್ದೀರಾ? ಶಹಾಬಾದ್ ಪರ್ಸಿ (ಕಲ್ಲಿನ ಚಪ್ಪಡಿ) ಕೂರಿಸಿ ಸಂದುಗಳಿಗೆ ಸಿಮೆಂಟ್ ತುಂಬಿಸಿದ್ದೀರಾ? ಮೊದಲು ಅಂಗಳದ ಮಣ್ಣಿನಿಂದಲೇ ಆರಿಹೋಗುತ್ತಿದ್ದ ತೇವಕ್ಕೆ ಈಗ ಗೋಡೆಯೊಂದೇ ದಾರಿ. ರಸ್ತೆ ಎತ್ತರಿಸಿ ಎತ್ತರಿಸಿ ಹೊಸ್ತಿಲಿಗಿಂತ ಮೇಲಾಗಿದೆಯೇ? ಚರಂಡಿ ಗೋಡೆಯ ಬುಡದಲ್ಲೇ ನಿಲ್ಲುತ್ತಿದೆಯೇ? ಬಚ್ಚಲ ಪೈಪು ಒಡೆದಿದೆಯೇ?

ಮಳೆಯೇ ಇಲ್ಲ, ಆದರೂ ಮೋಡ ಮುಚ್ಚಿದ ದಿನ ಗೋಡೆಯಲ್ಲಿ ಒಂದು ಭಾಗ ಮಾತ್ರ ಕಪ್ಪಗೆ ಒದ್ದೆಯಾಗುತ್ತದೆ, ಬಿಸಿಲು ಬಂದರೆ ಮಾಯವಾಗುತ್ತದೆ ಎಂದರೆ ಅಲ್ಲಿ ಸೋರಿಕೆ ಹುಡುಕಿ ಪ್ರಯೋಜನವಿಲ್ಲ. ಗಾಳಿಯ ತೇವವನ್ನೇ ಎಳೆದುಕೊಳ್ಳುವ ಉಪ್ಪು ಅಲ್ಲಿದೆ. ಹಿರಿಯರನ್ನು ಕೇಳಿ, ಆ ಕೋಣೆ ಒಂದು ಕಾಲಕ್ಕೆ ದನದ ಕೊಟ್ಟಿಗೆಯಾಗಿತ್ತೇ ಎಂದು. ಗಂಜಳದಿಂದ ಬಂದ ನೈಟ್ರೇಟು ಗೋಡೆಯಲ್ಲಿ ಬಹಳ ವರ್ಷ ಉಳಿಯುತ್ತದೆ. ನಮ್ಮ ವಾಡೆಗಳಲ್ಲಿ ದನ ಕಟ್ಟುವ ಜಾಗ ತಲೆಬಾಗಿಲ ಒಳಗೇ ಇರುತ್ತಿದ್ದುದರಿಂದ ಇದು ಅಪರೂಪವಲ್ಲ. ಸವುಳು ಬೋರಿನ ನೀರಿನಲ್ಲಿ ಗಾರೆ ಕಲಸಿದ್ದರೂ ಉಪ್ಪು ಗೋಡೆಗೆ ಸೇರಿರುತ್ತದೆ.

ಪರಿಹಾರದ ಕ್ರಮ ತಪ್ಪಬಾರದು. ಮೊದಲು ನೀರಿನ ಮೂಲ ನಿಲ್ಲಿಸಿ: ಗೋಡೆಯ ಉದ್ದಕ್ಕೂ ಒಂದೆರಡು ಅಡಿ ಅಗಲ ಕಾಂಕ್ರೀಟ್ ತೆಗೆಸಿ ಜಲ್ಲಿ ಕಡಿ ಹರಡಿ, ನೀರು ಗೋಡೆಯಿಂದ ದೂರ ಓಡುವಂತೆ ಇಳಿಜಾರು ಕೊಡಿ. ಆಮೇಲೆ ಸಿಮೆಂಟ್ ಪಟ್ಟಿ ಬಿಡಿಸಿ, ಯಂತ್ರದಿಂದಲ್ಲ, ಕೈ ಉಳಿಯಿಂದ. ಉಪ್ಪನ್ನು ಒಣ ಪೊರಕೆಯಿಂದ ಗುಡಿಸಿ ಮನೆಯಿಂದಾಚೆ ಹಾಕಿ, ನೀರಲ್ಲಿ ತೊಳೆದರೆ ಅದು ಮತ್ತೆ ಒಳಕ್ಕೇ ಹೋಗುತ್ತದೆ. ಉಪ್ಪು ಜಾಸ್ತಿಯಿದ್ದರೆ ಹಳೆ ಪೇಪರನ್ನು ಕ್ಯಾನಿನ ಫಿಲ್ಟರ್ ನೀರಲ್ಲಿ ನೆನೆಸಿ ರುಬ್ಬಿ, ಹೆಬ್ಬೆರಳು ದಪ್ಪ ಗೋಡೆಗೆ ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತು ಬಿಸಾಡಿ, ಮತ್ತೊಮ್ಮೆ ಮೆತ್ತಿ. ಗೋಡೆ ಒಂದು ಬೇಸಿಗೆ ಬತ್ತಲಾಗಿಯೇ ಆರಲಿ. ನಂತರ ಹಚ್ಚುವ ಮೊದಲ ಗಚ್ಚು ಉಳಿದ ಉಪ್ಪನ್ನು ಹೀರಲೆಂದೇ ಹಚ್ಚುವುದು. ಅದು ಕೆಲವು ವರ್ಷಗಳಲ್ಲಿ ಹಾಳಾದರೆ ತನ್ನ ಕೆಲಸ ಮಾಡಿದೆ ಎಂದೇ ತಿಳಿಯಬೇಕು. ಮನೆಯವರಿಗೆ ಇದನ್ನು ಮುಂಚೆಯೇ ಹೇಳಿಬಿಡಿ, ಇಲ್ಲವಾದರೆ ಗೌಂಡಿಯ ಮೇಲೆ ಅಪವಾದ ಬರುತ್ತದೆ.

ಬಿರುಕು

ಮೇಲ್ಮೈ ತುಂಬ ಕೂದಲೆಳೆಯ ಬಿರುಕು ಬಲೆ ಬಲೆಯಾಗಿದ್ದರೆ ಗಚ್ಚು ಕುಗ್ಗಿದೆ. ಸುಣ್ಣ ಜಾಸ್ತಿ, ಉಸುಕು ನುಣುಪು, ಒಂದೇ ಸಲಕ್ಕೆ ದಪ್ಪ ಪದರ, ಇವುಗಳಲ್ಲಿ ಯಾವುದಾದರೂ. ಒಂದು ಪದರ 8–10 ಮಿಲಿಮೀಟರ್ ದಾಟಬಾರದು. ಇನ್ನೂ ಹಸಿಯಿರುವಾಗಲೇ ಕಂಡರೆ ನೀರು ಚಿಮುಕಿಸಿ ರಂಧಾದಿಂದ (ಗಿಲಾವು ಸಮ ಮಾಡುವ ಹಲಗೆ) ಒತ್ತಿ ಮುಚ್ಚಬಹುದು. ಹಿಂದಿನವರು ಕಟ್ಟಿಗೆಯಿಂದ ಗಚ್ಚು ಬಡಿಯುತ್ತಿದ್ದದ್ದೂ ಇದಕ್ಕೇ. ಒಳಪದರಕ್ಕೆ ಸಣ್ಣಗೆ ಕತ್ತರಿಸಿದ ಪುಂಡಿ ನಾರು ಬೆರೆಸಿದರೆ ಬಿರುಕು ಬಹಳ ತಗ್ಗುತ್ತದೆ.

ಒಂದೇ ಬಿರುಕು ಮೂಲೆಯಿಂದ, ಕಿಟಕಿಯ ತಲೆಯಿಂದ, ಓರೆಯಾಗಿ ಹೋಗಿದ್ದರೆ ಅದು ಗಚ್ಚಿನ ವಿಷಯವಲ್ಲ. ಕಲಬುರಗಿ, ಯಾದಗಿರಿಯ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ, ಮೇಲಿನ ಗೋಡೆಯೂ ಅದರ ಜೊತೆ ಅಲುಗುತ್ತದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ತಿಂಗಳಿಗೊಮ್ಮೆ ನಡುವಿನ ಅಂತರ ಅಳೆದು ತಾರೀಖಿನೊಡನೆ ಗೋಡೆಯ ಮೇಲೇ ಬರೆಯಿರಿ. ತೆಳು ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಅಂಟಿಸುವುದೂ ಉಂಟು, ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಮಣ್ಣಿನದು, ಅದನ್ನು ಮೆತ್ತನೆಯ ಸುಣ್ಣದ ಗಾರೆಯಿಂದ ತುಂಬಿ ಬಿಡಿ. ವರ್ಷ ಪೂರ್ತಿ ಅಗಲವಾಗುತ್ತಲೇ ಹೋಗುತ್ತಿದ್ದರೆ ಗಚ್ಚಿನ ಕೆಲಸ ನಿಲ್ಲಿಸಿ, ಹಳೆ ಕಟ್ಟಡ ಬಲ್ಲ ಎಂಜಿನಿಯರನ್ನು ಕರೆಸಿ.

ಸಣ್ಣ ಗುಳಿ ಸಿಡಿಯುವುದು

ಗುಳಿಯ ತಳದಲ್ಲಿ ಬಿಳಿ ಹರಳು ಕಂಡರೆ ಅರಳದ ಸುಣ್ಣ ಗೋಡೆಯಲ್ಲೇ ಅರಳಿದೆ. ಭಟ್ಟಿಯಲ್ಲಿ ಅತಿಯಾಗಿ ಬೆಂದ ಹರಳು ತಿಂಗಳು ಕಳೆದು ನೀರು ಕುಡಿಯುತ್ತದೆ. ಸಿಡಿತ ಪೂರ್ತಿ ನಿಂತ ಮೇಲೆ ತುಂಬಿದರೆ ಸಾಕು. ಮುಂದಿನ ಸಲ ಸುಣ್ಣವನ್ನು ಹೊಂಡದಲ್ಲಿ ನೀರಿನಡಿ ಹೆಚ್ಚು ಕಾಲ ಬಿಟ್ಟು, ಸಣ್ಣ ಜಾಲರಿಯಲ್ಲಿ ಸೋಸಿಕೊಳ್ಳಿ. ಸುಟ್ಟ ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳನ್ನು ಹೊಂಡದ ಹತ್ತಿರ ಬಿಡಲೇಬೇಡಿ.

ಹಳೆಯ ಮಿಶ್ರಣ ತಿಳಿಯುವಾಗ ನಮ್ಮ ಸೀಮೆಯ ಮೋಸ

ಹಳೆ ಗಚ್ಚಿಗೆ ಹೊಂದುವ ಹೊಸ ಗಚ್ಚು ಬೇಕೆಂದರೆ ಹಳೆಯದರಲ್ಲಿ ಏನಿತ್ತು ತಿಳಿಯಬೇಕು. ಎಲ್ಲೆಡೆ ಹೇಳುವ ವಿಧಾನ: ಒಣ ಚೂರನ್ನು ಪುಡಿಮಾಡಿ ತೂಗಿ, ತೆಳು ಆ್ಯಸಿಡ್‌ನಲ್ಲಿ ಹಾಕಿ, ನೊರೆ ನಿಂತ ಮೇಲೆ ಉಳಿದ ಉಸುಕನ್ನು ತೊಳೆದು ಒಣಗಿಸಿ ಮತ್ತೆ ತೂಗುವುದು. ಕಡಿಮೆಯಾದ ತೂಕ ಸುಣ್ಣದ್ದು ಎಂಬ ಲೆಕ್ಕ. ಗಟ್ಟಿ ಕರಿಕಲ್ಲಿನ ಸೀಮೆಯಲ್ಲಿ ಇದು ಸರಿ. ಶಹಾಬಾದ್, ವಾಡಿ, ಸೇಡಂ ಸುತ್ತಮುತ್ತ ನೆಲವೇ ಸುಣ್ಣದ ಕಲ್ಲು. ಅಲ್ಲಿ ಹಿಂದಿನವರು ಕಲ್ಲಿನ ಪುಡಿಯನ್ನೇ ಉಸುಕಿನ ಜೊತೆ ಹಾಕಿದ್ದರೆ ಆ್ಯಸಿಡ್ ಅದನ್ನೂ ಕರಗಿಸುತ್ತದೆ. ಲೆಕ್ಕದಲ್ಲಿ ಸುಣ್ಣ ಇಮ್ಮಡಿಯಾಗಿ ಕಾಣುತ್ತದೆ, ಆ ಪ್ರಮಾಣದಲ್ಲಿ ಹಚ್ಚಿದ ಹೊಸ ಗಚ್ಚು ಪೂರ್ತಿ ಬಿರಿಯುತ್ತದೆ. ಎರೆ ಹೊಲದ ಸುಣ್ಣದ ಹರಳು ಬೆರೆತಿದ್ದರೂ ಇದೇ ಗತಿ.

ಆದ್ದರಿಂದ ಆ್ಯಸಿಡ್‌ಗೆ ಮುಂಚೆ ಚೂರನ್ನು ಮುರಿದು ಭೂತಗನ್ನಡಿ ಹಿಡಿದು ನೋಡಿ. ಬೂದು, ಮಾಸಲು ಹಳದಿ ಬಣ್ಣದ ಮೂಲೆಯುಳ್ಳ ಹರಳುಗಳನ್ನು ಸೂಜಿಯಿಂದ ಎಬ್ಬಿಸಿ, ಒಂದೊಂದರ ಮೇಲೂ ಒಂದು ಹನಿ ಆ್ಯಸಿಡ್ ಬಿಡಿ. ನೊರೆ ಬಂದರೆ ತೂಕದ ಲೆಕ್ಕ ಕೈಬಿಟ್ಟು, ಕಣ್ಣಳತೆಯಲ್ಲಿ ಹರಳಿನ ಗಾತ್ರ ಹೊಂದಿಸಿ ಸಣ್ಣ ಮಾದರಿಗಳನ್ನು ಗೋಡೆಯ ಮರೆಯ ಮೂಲೆಯಲ್ಲಿ ಹಚ್ಚಿ ನೋಡಿ. ಕೆಂಪು ಚುಕ್ಕೆ ಕಂಡರೆ ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಅದು ಗಾಳಿ ಕಡಿಮೆಯಿರುವ ಒದ್ದೆ ಜಾಗದಲ್ಲೂ ಸುಣ್ಣವನ್ನು ಗಟ್ಟಿ ಮಾಡುತ್ತದೆ. ಬುಡದ ಪಟ್ಟಿಗೂ ಮಾಳಿಗೆಗೂ ಅದನ್ನು ಬೆರೆಸುವುದನ್ನು ಬಿಡಬೇಡಿ. ಆ್ಯಸಿಡ್ ಕೆಲಸ ಬಯಲಿನಲ್ಲಿ, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ. ಆ್ಯಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಅದಕ್ಕೆ ಸುರಿಯಬಾರದು.

ಬೆಲ್ಲ, ಅಳಲೆಕಾಯಿ, ಮೊಟ್ಟೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವುಗಳಿಗೆ ಕೆಲಸವಿದೆ, ಗಾರೆ ನಯವಾಗಿ ಎಳೆಯಲು ಬರುತ್ತದೆ, ಬೇಗ ಒಣಗುವುದಿಲ್ಲ. ಆದರೆ ಬೆಲ್ಲ ಜಾಸ್ತಿಯಾದರೆ ಗಚ್ಚು ಕೂರುವುದೇ ತಡ, ಮೇಲೆ ಇರುವೆ ಮತ್ತು ಬೂಸ್ಟು. ಸುಣ್ಣ ಸರಿಯಾಗಿ ಅರಳದಿದ್ದರೆ, ಕಲ್ಲು ನೆನೆಸದಿದ್ದರೆ, ಯಾವ ಬೆಲ್ಲವೂ ಅದನ್ನು ತಿದ್ದಲಾರದು.

ಪೊಳ್ಳಾದ, ಆದರೆ ಗಟ್ಟಿಯಿರುವ ಹಳೆ ಗಚ್ಚು

ಪೊಳ್ಳು ದನಿ ಬಂದ ಮಾತ್ರಕ್ಕೆ ಕೆತ್ತಬೇಡಿ. ಕೈಯಿಂದ ಒತ್ತಿದರೆ ಅಲುಗದ, ಉಪ್ಪಿಲ್ಲದ ಗಚ್ಚನ್ನು ಹಿಂದಿನಿಂದ ಕಟ್ಟಬಹುದು. ಪೊಳ್ಳಿನ ಮೇಲೆ ಕೆಳಗೆ ಸಣ್ಣ ತೂತುಗಳನ್ನು ಕೊರೆದು, ಧೂಳು ಊದಿ ತೆಗೆದು, ನೀರು ಹಾಯಿಸಿ, ನುಣ್ಣಗೆ ಸೋಸಿದ ಸುಣ್ಣ ಮತ್ತು ಸುರ್ಕಿಯ ತೆಳು ಗಾರೆಯನ್ನು ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ ಕೆಳಗಿನ ತೂತಿನಿಂದ ಮೇಲಕ್ಕೆ ತುಂಬುತ್ತ ಬನ್ನಿ. ಮೆತ್ತನೆ ಬಟ್ಟೆ ಸುತ್ತಿದ ಹಲಗೆ ಆನಿಸಿ ಕೆಲವು ದಿನ ಒತ್ತಿ ಹಿಡಿಯಿರಿ. ಕೊರೆದ ಅಲಂಕಾರ, ಬರಹ, ಬಣ್ಣ ಇದ್ದಲ್ಲಿ ಇದನ್ನೂ ನೀವಾಗಿ ಮಾಡಬೇಡಿ, ಆ ಕೆಲಸ ಕಲಿತವರೇ ಬೇಕು.

ಹೊಸ ಕೆಲಸ ಯಾವುದೇ ಇರಲಿ, ಬನ್ನಿ ಹಬ್ಬ ಕಳೆದು ಮಳೆ ಹಿಂದಾದ ಮೇಲೆ ಶುರುಮಾಡಿ ಶಿವರಾತ್ರಿಯೊಳಗೆ ಮುಗಿಸಿ. ಬಣ್ಣಕ್ಕೆ ಸುಣ್ಣದ ತಿಳಿ ಹಾಲನ್ನೇ ಮೂರು ನಾಲ್ಕು ಕೈ ಬಳಿಯಿರಿ, ಡಿಸ್ಟೆಂಪರ್, ಎಮಲ್ಷನ್ ಬೇಡ. ಮುಂದಿನ ಮಳೆಗಾಲ ಮುಗಿದಾಗ ಹಳೆಯ ಬಳಪದ ಫೋಟೊ ತೆಗೆದುಕೊಂಡು ಹೋಗಿ ಇಡೀ ಗೋಡೆಯನ್ನು ಮತ್ತೆ ಬಡಿಯಿರಿ. ಮೊದಲಿದ್ದ ಜಾಗದಲ್ಲೇ ಪೊಳ್ಳು ಮರಳಿ ಬಂದಿದ್ದರೆ ಆ ಕಡೆಯ ನೀರಿನ ಮೂಲ ಇನ್ನೂ ಸಿಕ್ಕಿಲ್ಲ. ಉಳಿದ ಗೋಡೆಯನ್ನು ಮುಟ್ಟದೆ ಅಷ್ಟು ಭಾಗದ ನೆಲ, ಮಾಳಿಗೆ, ಚರಂಡಿಯನ್ನು ಮತ್ತೆ ತಪಾಸಣೆ ಮಾಡಿ.